ಬೆಂಕಿಪೊಟ್ಟಣದಲ್ಲಿ ಬಂದ ರಾಣಿ

ಮೊನ್ನೆ ನನ್ನ ಹತ್ತಿರ ಬ್ಲೌಸಿನ ಹುಕ್ಕು ಮುಗಿದುಹೋಗಿತ್ತು. ಸಂಜೆ ಬ್ಲೌಸು ತಗೊಂಡು ಹೋಗೋಕೆ ಬರ್ತೀನಿ ಅಂತ ಹೇಳಿ ಹೋದವರು ನಾಲ್ಕು ಗಂಟೆಗೆಲ್ಲ ಬಂದುಬಿಡುವ ಪೈಕಿ. ಹೊಲಿಗೆ ಮಿಷನ್ನಿನ ಡ್ರಾಯರೆಲ್ಲ ಜಾಲಾಡಿದೆ, ದಾರದ ಉಂಡೆ ಬಿಟ್ಟರೆ ಏನೂ ಇಲ್ಲ. ನಮ್ಮತ್ತೆಯ ಬಿಸ್ಕತ್ತಿನ ಡಬ್ಬದಲ್ಲಿ ಹುಕ್ಕು, ಗುಂಡಿ, ಪಿನ್ನು ಇದ್ದೇ ಇರುತ್ತೆ. ಅದರಲ್ಲಿ ಬಿಸ್ಕತ್ತು ಇದ್ದದ್ದನ್ನು ನಾನಂತೂ ನೋಡಿಲ್ಲ. ಅತ್ತೆ ಹಿತ್ತಲಲ್ಲಿದ್ದರು, ಕೇಳದೆ ತೆಗೆದೆ. ಕೇಳಿದ್ದರೆ ಕೊಡುತ್ತಿದ್ದರು, ಆದರೆ ಇಟ್ಟ ವಸ್ತು ಇಟ್ಟಲ್ಲಿ ಇಡುವ ಬುದ್ಧಿ ನಿನಗ್ಯಾವಾಗ ಬರುತ್ತೋ ಅನ್ನುವ ಮಾತೂ ಹುಕ್ಕಿನ ಜೊತೆಗೇ ಬರುತ್ತಿತ್ತು.

ಹುಕ್ಕು ಸಿಕ್ಕಿತು. ಅದರ ಕೆಳಗೆ ಒಂದು ಬೆಂಕಿಪೊಟ್ಟಣ ಸಿಕ್ಕಿತು. ಮೇಲ್ಗಡೆ ಸಾಲಾಗಿ ಸೂಜಿತೂತುಗಳು. ನೋಡಿದ ತಕ್ಷಣ ಗುರುತು ಹಿಡಿದೆ. ಆ ತೂತು ಮಾಡಿದವಳು ನಾನೇ, ನನ್ನ ಮಿಷನ್ನಿನ ಸೂಜಿಯಲ್ಲಿ. ಆಮೇಲೆ ಅತ್ತೆಯ ಕಣ್ಣಿಗೆ ಬೀಳದಿರಲಿ ಅಂತ ಬಚ್ಚಲೊಲೆ ಪಕ್ಕದ ಸೌದೆ ರಾಶಿಗೆ ಎಸೆದವಳೂ ನಾನೇ. ಆರು ವರ್ಷದ ಹಿಂದೆ ಉರಿದು ಬೂದಿಯಾಗಿರಬೇಕಾಗಿದ್ದ ಪೊಟ್ಟಣ ಈ ಡಬ್ಬದೊಳಕ್ಕೆ ಹೇಗೆ ಬಂತು? ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೋ ಹಗುರವಾದದ್ದು ಅಲ್ಲಾಡಿತು. ಅತ್ತೆಯ ವಸ್ತು, ಅವರನ್ನ ಕೇಳಿಯೇ ತೆಗೆಯೋಣ ಅಂತ ಮಿಷನ್ನಿನ ಮೇಲಿಟ್ಟುಕೊಂಡು ಹುಕ್ಕು ಹಾಕೋಕೆ ಕೂತೆ. ಕೈ ಬ್ಲೌಸಿನ ಮೇಲಿತ್ತು, ಗ್ಯಾನ ಮಾತ್ರ ಅಲ್ಲಿರಲಿಲ್ಲ.

ನನಗೂ ಜೇನುಹುಳಕ್ಕೂ ಮೊದಲಿಂದ ಆಗಿಬರೋದಿಲ್ಲ. ನನ್ನ ತವರು ಕೃಷ್ಣರಾಜನಗರದ ಹತ್ತಿರ, ಕಬ್ಬಿನ ಸೀಮೆ. ಆಲೆಮನೆ ಶುರುವಾದರೆ ನಾವು ಮಕ್ಕಳೆಲ್ಲ ಅಲ್ಲೇ ಬಿದ್ದಿರುತ್ತಿದ್ದೆವು. ಬಿಸಿ ಬೆಲ್ಲವನ್ನ ಕಬ್ಬಿನ ಜಲ್ಲೆಯ ತುದಿಗೆ ಸುತ್ತಿಸಿಕೊಂಡು ನೆಕ್ಕುವುದು ನಮ್ಮ ಕೆಲಸ. ಅದೇ ಕೆಲಸಕ್ಕೆ ಜೇನುಹುಳಗಳೂ ಬರುತ್ತಿದ್ದವು. ಏಳನೇ ಕ್ಲಾಸಿನ ಗ್ರೂಪ್ ಫೋಟೋ ತೆಗೆಯುವ ದಿನ ಬೆಳಿಗ್ಗೆ ಒಂದು ಹುಳ ಬಂದು ನನ್ನ ಮೂಗಿನ ಮೇಲೆ ಕೂತಿತು. ನಾನು ಹೊಡೆದೆ, ಅದೂ ಹೊಡೆಯಿತು. ಆ ಫೋಟೋದಲ್ಲಿ ಎರಡನೇ ಸಾಲಿನಲ್ಲಿ ಬರೀ ಮೂಗು ಕಾಣುವ ಹುಡುಗಿ ನಾನು. ಹೆಣ್ಣು ನೋಡೋಕೆ ಬರ್ತಾರೆ ಅಂದಾಗ ನಮ್ಮವ್ವ ಅದನ್ನ ಗೋಡೆಯಿಂದ ಇಳಿಸಿ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಿದ್ದಳು.

ಅದೇ ವರ್ಷ ಮೇಷ್ಟ್ರು ಜೇನುಗೂಡಿನ ಪಾಠ ಮಾಡಿದರು. ಬೋರ್ಡಿನ ಮೇಲೆ ದೊಡ್ಡದೊಂದು ಹುಳ ಬರೆದು ಅದರ ತಲೆಗೆ ಕಿರೀಟ ಇಟ್ಟರು. ರಾಣಿ ಅಪ್ಪಣೆ ಕೊಡ್ತಾಳೆ, ಮಿಕ್ಕ ಸಾವಿರಾರು ಹುಳ ಕೆಲಸ ಮಾಡ್ತವೆ ಅಂದರು. "ಸಾ, ಹೆಂಗೆ ಅಪ್ಪಣೆ ಕೊಡ್ತಾಳೆ? ಕೂಗಿ ಹೇಳ್ತಾಳಾ?" ಅಂತ ಕೇಳಿದೆ. "ಪರೀಕ್ಷೇಲಿ ಅದನ್ನೆಲ್ಲ ಕೇಳಲ್ಲ, ಕೂತ್ಕೊ" ಅಂದರು. ಕೂತೆ. ಪ್ರಶ್ನೆ ಮಾತ್ರ ನಿಂತೇ ಇತ್ತು.

ಮದುವೆಯಾಗಿ ಹುಣಸೂರಿನ ಪಕ್ಕದ ಈ ಊರಿಗೆ ಬಂದರೆ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಹಿಂದೆ ಹೊಂಗೆಮರದ ಕೆಳಗೆ ಒಂದು ನೀಲಿ ಪೆಟ್ಟಿಗೆ. ಅದರಲ್ಲಿ ತುಡುವೆ ಜೇನು. ನನ್ನ ಹಣೆಬರಹ ಅಂದುಕೊಂಡೆ. ನಮ್ಮತ್ತೆ ಚಿಕ್ಕತಾಯಮ್ಮನವರು ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಚಪ್ಪಡಿಕಲ್ಲಿನ ಮೇಲೆ ಕೂರುತ್ತಿದ್ದರು. ಕಾಫಿ ಮುಗಿದ ಮೇಲೂ ಕೂರುತ್ತಿದ್ದರು. ಮನೆಯಲ್ಲಿ ಯಾರೂ ಆ ಹೊತ್ತಿನಲ್ಲಿ ಅವರನ್ನ ಕರೆಯುತ್ತಿರಲಿಲ್ಲ.

ಕಾರಣ ನನಗೆ ಗೊತ್ತಾಗೋಕೆ ಒಂದು ವರ್ಷ ಬೇಕಾಯಿತು. ಅತ್ತೆಯ ತವರು ಮಿರ್ಲೆ. ಅಲ್ಲಿಯ ಹಳೆ ಮಣ್ಣಿನ ಮನೆಯ ಗೋಡೆಯಲ್ಲಿ ಒಂದು ಮುಚ್ಚಿಹೋದ ದೀಪದ ಗೂಡು ಇತ್ತಂತೆ. ಅದರ ಬಿರುಕಿನಲ್ಲಿ ಅತ್ತೆ ಚಿಕ್ಕ ಹುಡುಗಿಯಾಗಿದ್ದಾಗಿಂದ ಜೇನು ಓಡಾಡುತ್ತಿತ್ತಂತೆ. ಅವರವ್ವ ಅಲ್ಲೇ ಕೂತು ಇವರಿಗೆ ತಲೆ ಬಾಚುತ್ತಿದ್ದಳಂತೆ. ಅವ್ವ ಹೋದ ಮೇಲೆ ತಮ್ಮಂದಿರು ಆ ಮನೆ ಕೆಡವಿ ಆರ್‌ಸಿಸಿ ಕಟ್ಟಿಸೋಕೆ ಹೊರಟರು. ನಿಂಗೇನು ಬೇಕಕ್ಕ ಅಂತ ಕೇಳಿದ್ದಕ್ಕೆ ಇವರು ಗೋಡೇಲಿರೋ ಜೇನು ಕೊಡಿ ಅಂದರಂತೆ. ಹುಣಸೂರಿನಲ್ಲಿ ಮರಗೆಲಸ ಮಾಡುವ ಜಬ್ಬಾರ್ ಸಾಬ್ರು ಪೆಟ್ಟಿಗೆ ಮಾಡಿಕೊಂಡು ಮಿರ್ಲೆಗೆ ಹೋಗಿ, ಗೋಡೆಯಿಂದ ಒಂದೊಂದೇ ಮೇಣದ ಎರಿ ಬಿಡಿಸಿ, ಬಾಳೆನಾರಿನಲ್ಲಿ ಚೌಕಟ್ಟಿಗೆ ಕಟ್ಟಿ ತಂದರು. ತವರಿಂದ ಅತ್ತೆ ತಂದದ್ದು ಅಷ್ಟೇ.

ಆರು ವರ್ಷದ ಹಿಂದೆ ಶಿವರಾತ್ರಿ ಕಳೆದ ಮೇಲೆ ಅತ್ತೆ ಪಿರಿಯಾಪಟ್ಟಣಕ್ಕೆ ಹೊರಟರು. ನಮ್ಮ ನಾದಿನಿಗೆ ದಿನ ತುಂಬಿತ್ತು, ಡಾಕ್ಟರು ಬಸ್ಸು ಹತ್ತಬಾರದು ಅಂದಿದ್ದರು, ಅದಕ್ಕೆ ಬಾಣಂತನ ಅಲ್ಲೇ. ಮೂರು ತಿಂಗಳು. ಹೊರಡುವಾಗ ಮನೆ, ಹಸು, ಮಗ ಯಾವುದರ ಬಗ್ಗೆಯೂ ಹೇಳಲಿಲ್ಲ. ಪೆಟ್ಟಿಗೆ ಹತ್ತಿರ ಕರೆದುಕೊಂಡು ಹೋದರು.

"ಸ್ಟ್ಯಾಂಡಿನ ಕಾಲ್ಗೆ ಚಿಪ್ಪಿಟ್ಟಿದೀನಿ, ಅದ್ರಲ್ಲಿ ನೀರಿರ್ಲಿ, ಇರುವೆ ಹತ್ಕೂಡ್ದು. ಇನ್ನೇನೂ ಮಾಡ್ಬೇಡ ಕಣವ್ವ. ತಂಟೆಗೋಗ್ಬೇಡ."

"ಆಯ್ತು ಅತ್ತೆ" ಅಂದೆ. ಅತ್ತೆ ನನಗೆ ಅಂತ ಬಿಟ್ಟುಹೋದ ಮೊದಲನೇ ಜವಾಬ್ದಾರಿ ಅದು. ಮದುವೆಯಾಗಿ ಎಂಟು ವರ್ಷವಾದರೂ ಅಲ್ಲಿಯವರೆಗೆ ಉಪ್ಪಿನಕಾಯಿ ಜಾಡಿಯನ್ನೂ ನನ್ನ ಕೈಗೆ ಕೊಟ್ಟವರಲ್ಲ.

ಯುಗಾದಿ ಬಂತು. ನಮ್ಮ ಕಡೆ ಯುಗಾದಿ ಅಂದರೆ ಹಬ್ಬ ಒಂದು ದಿನ, ಧೂಳು ಹೊಡೆಯೋದು ಒಂದು ವಾರ. ಅಟ್ಟದ ಮೇಲಿನ ಪಾತ್ರೆ ಇಳಿಸಿ ತೊಳೆದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ದನದ ಕೊಟ್ಟಿಗೆಗೂ ಸುಣ್ಣ ಹೊಡೆದೆ. ಕೊನೆಗೆ ಪೊರಕೆ ಹಿಡಿದು ನಿಂತಾಗ ಕಣ್ಣಿಗೆ ಬಿದ್ದದ್ದು ನೀಲಿ ಪೆಟ್ಟಿಗೆ. ಎಲ್ಲ ಮನೆಗೂ ಹಬ್ಬ, ಇದೊಂದಕ್ಕೆ ಇಲ್ಲವಾ ಅನ್ನಿಸಿತು. ಅತ್ತೆ ಬಂದು ನೋಡಿದರೆ ಮೆಚ್ಚಬೇಕು ಅನ್ನುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಯಜಮಾನರ ರೇನ್‌ಕೋಟು ತೊಟ್ಟು, ಮುಖಕ್ಕೆ ಸೊಳ್ಳೆಪರದೆಯ ತುಂಡು ಸುತ್ತಿಕೊಂಡು, ಕೈಗೆ ಕಾಲುಚೀಲ ಹಾಕಿಕೊಂಡು ಹೋದೆ. ನನ್ನನ್ನ ನೋಡಿ ಹಸು ಹಗ್ಗ ಜಗ್ಗಿತು. ಮುಚ್ಚಳ ತೆಗೆದು ಒಂದೊಂದೇ ಚೌಕಟ್ಟು ಎತ್ತಿದೆ. ಎರಿಯ ಕೆಳ ಅಂಚಿಗೆ ಕಡಲೆಕಾಯಿಯ ಹಾಗೆ ನಾಲ್ಕೈದು ಗಂಟು ನೇತಾಡುತ್ತಿದ್ದವು. ಎಲ್ಲ ಕಡೆ ಒಂದೇ ಅಳತೆಯ ಅಚ್ಚುಕಟ್ಟು ಕೋಣೆಗಳು, ಇವು ಮಾತ್ರ ಒರಟೊರಟು. ಯಾವುದೋ ಕಣಜ ಬಂದು ಕಟ್ಟಿದ ಗೂಡು ಅಂದುಕೊಂಡೆ. ತರಕಾರಿ ಹೆಚ್ಚುವ ಚಾಕುವಿನಲ್ಲಿ ಒಂದೂ ಬಿಡದ ಹಾಗೆ ಕೆರೆದು ಹಾಕಿದೆ. ಪೆಟ್ಟಿಗೆಯ ತಳ ಗುಡಿಸಿದೆ. ಬಾಗಿಲಿಗೆ ಎರಡು ಮಾವಿನೆಲೆ ಕೂಡ ಸಿಕ್ಕಿಸಿದೆ. ಕೈಗೆ ಎರಡೇ ಕಡೆ ಕಚ್ಚಿಸಿಕೊಂಡಿದ್ದೆ, ಅದಕ್ಕೇ ಹೆಮ್ಮೆ.

ಮೂರು ವಾರ ಕಳೆಯಿತು. ಹುಳದ ಓಡಾಟ ಕಮ್ಮಿಯಾದಂತೆ ಕಂಡಿತು. ಮತ್ತೆ ರೇನ್‌ಕೋಟು ಹಾಕಿಕೊಂಡು ಮುಚ್ಚಳ ಎತ್ತಿದೆ. ನೋಡಿದರೆ ಎರಿಯ ತುಂಬ ಮುಚ್ಚಿದ ಕೋಣೆಗಳು, ಒಂದೊಂದೂ ಮೇಲಕ್ಕೆ ಉಬ್ಬಿ, ತುದಿಯಲ್ಲಿ ಒಂದು ಸಣ್ಣ ತೂತು. ಖುಷಿಯಾಗಿ ಅತ್ತೆಗೆ ಫೋನ್ ಮಾಡಿದೆ. "ಅತ್ತೆ, ಮರಿ ತುಂಬಿ ತುಳುಕ್ತಾ ಅವೆ. ದಪ್ಪದಪ್ಪ ಮರಿ." ಅತ್ತೆ ಆ ಕಡೆ ಕೂಸನ್ನ ಎರೆದು ಮಲಗಿಸುತ್ತಿದ್ದರು. "ಹಂಗಾ? ಒಳ್ಳೇದಾಯ್ತು ಬುಡು" ಅಂದರು. ಅವರ ಗಮನ ಕೂಸಿನ ಕಡೆಗಿತ್ತು, ಇಲ್ಲದಿದ್ದರೆ ಅಲ್ಲೇ ತಪ್ಪು ಹಿಡಿದಿರುತ್ತಿದ್ದರು.

ಆ ವಾರ ಜಬ್ಬಾರ್ ಸಾಬ್ರು ನಮ್ಮ ಬಾಗಿಲಿನ ಹಲಗೆ ಸರಿಮಾಡೋಕೆ ಬಂದಿದ್ದರು. ಅವರೂ ಮನೆ ಹಿಂದೆ ಜೇನು ಸಾಕಿರುವವರು. ನಾನು ಕೊಚ್ಚಿಕೊಂಡು ಪೆಟ್ಟಿಗೆ ತೋರಿಸಿದೆ. ಅವರು ಮುಚ್ಚಳ ತೆಗೆಯುವ ಮೊದಲು ಕಿವಿ ಇಟ್ಟು ಕೇಳಿದರು. ಮುಖ ಬದಲಾಯಿತು.

"ಅಳ್ತಾ ಅವೆ ಕಣ್ರಮ್ಮ."

ನಾನೂ ಕಿವಿಯಿಟ್ಟೆ. ಮೊದಲೆಲ್ಲ ಒಂದೇ ಸಮನೆ ಗುಂಯ್ ಅನ್ನುತ್ತಿದ್ದದ್ದು ಈಗ ಏರಿ ಇಳಿದು ನರಳಿದ ಹಾಗೆ ಕೇಳಿಸಿತು. ಸಾಬ್ರು ಎರಿ ಎತ್ತಿ ಬಿಸಿಲಿಗೆ ಹಿಡಿದರು. "ಇದೆಲ್ಲ ಗಂಡು. ಒಂದೂ ಹೆಣ್ಣಿಲ್ಲ. ರಾಣಿ ಹೋಗಿ ಬಾಳ ದಿನ ಆಯ್ತು. ಕೆಲ್ಸ ಮಾಡೋ ಹೆಣ್ಣುಳಗಳು ತಡೀನಾರದೆ ತಾವೇ ಮೊಟ್ಟೆ ಇಟ್ಟವೆ. ಅವು ಗಂಡಿನ ಜೊತೆ ಸೇರಿದೋವಲ್ಲ, ಅವು ಇಟ್ರೆ ಬರೀ ಗಂಡೇ ಹುಟ್ಟೋದು. ಗಂಡುಳ ಹೂವಿಗೆ ಹೋಗಲ್ಲ, ನೀರು ತರಲ್ಲ, ಕೂತು ತಿನ್ನೋದೊಂದೇ." ನಾನು ಒಳಗೆ ಟಿವಿ ಮುಂದೆ ಕೂತಿದ್ದ ನಮ್ಮ ಯಜಮಾನರ ಕಡೆ ನೋಡಿದೆ. ಸಾಬ್ರಿಗೂ ನಗು ಬಂತು, ತಡೆದುಕೊಂಡರು.

"ಹಬ್ಬಕ್ಕೆ ಮುಂಚೆ ಎರಿ ಕೆಳಗೆ ಕಡ್ಲೇಕಾಯಿ ಥರ ಏನಾದ್ರೂ ಇತ್ತಾ?" ಅಂತ ಕೇಳಿದರು.

ಇತ್ತು, ಚಾಕುವಿನಲ್ಲಿ ಕೆರೆದುಬಿಟ್ಟೆ ಅಂತ ಹೇಳಿದೆ. ಅವರು ಉಳಿ ಕೆಳಗಿಟ್ಟು ಚಪ್ಪಡಿಕಲ್ಲಿನ ಮೇಲೆ ಕೂತರು. ಏಳನೇ ಕ್ಲಾಸಿನ ಪಾಠ ನನಗೆ ಸರಿಯಾಗಿ ಆದದ್ದು ಅವತ್ತು. ರಾಣಿ ಯಾರಿಗೂ ಅಪ್ಪಣೆ ಕೊಡೋದಿಲ್ಲವಂತೆ. ತನ್ನ ಊಟ ಕೂಡ ತಾನು ಮಾಡೋದಿಲ್ಲ, ಬೇರೆಯವರು ಬಾಯಿಗಿಡಬೇಕು. ಹರೆಯದಲ್ಲಿ ಒಂದೆರಡು ಸಲ ಹೊರಗೆ ಹಾರಿ ಗಂಡುಗಳ ಜೊತೆ ಸೇರಿ ಬಂದರೆ ಆಮೇಲೆ ಬಿಸಿಲು ಕಾಣೋದೇ ಅಪರೂಪ. ಮೊಟ್ಟೆ ಇಡೋದು, ಇಡೋದು, ಇಡೋದು. ಆದರೆ ಅವಳ ಮೈಯಿಂದ ಒಂದು ವಾಸನೆ ಬರುತ್ತಂತೆ. ಹುಳಗಳು ಅವಳನ್ನ ನೆಕ್ಕಿ, ಆ ವಾಸನೆಯನ್ನ ಬಾಯಿಂದ ಬಾಯಿಗೆ ದಾಟಿಸುತ್ತವಂತೆ. ಅದು ಇರುವವರೆಗೆ ಮನೆ ಮನೆಯಾಗಿರುತ್ತೆ. ಅವಳಿಗೆ ವಯಸ್ಸಾಗಿ ವಾಸನೆ ತೆಳುವಾದರೆ, ಹುಳಗಳೇ ಮಾತಾಡಿಕೊಂಡವರ ಹಾಗೆ ನಾಲ್ಕೈದು ಮಾಮೂಲಿ ಮರಿಗಳನ್ನ ಆರಿಸಿ, ಕಡಲೆಕಾಯಿಯಂಥ ದೊಡ್ಡ ಕೋಣೆ ಕಟ್ಟಿ, ಬೇರೆ ಊಟ ಹಾಕಿ ಹೊಸ ರಾಣಿಯನ್ನ ಬೆಳೆಸುತ್ತವೆ. ಮೊಟ್ಟೆ ಅದೇ, ಊಟ ಬೇರೆ.

ಮಿರ್ಲೆಯ ರಾಣಿಗೆ ವಯಸ್ಸಾಗಿತ್ತು. ಹುಳಗಳು ಅವಳ ಜಾಗಕ್ಕೆ ಅವಳ ಮಗಳನ್ನ ಬೆಳೆಸುತ್ತಿದ್ದವು. ನಾನು ಹಬ್ಬದ ಕ್ಲೀನಿಂಗ್ ಮಾಡಿದ್ದೆ.

"ಇನ್ನೊಂದು ತಿಂಗ್ಳು" ಅಂದರು ಸಾಬ್ರು. "ಇರೋ ಹುಳ ಸಾಯ್ತವೆ. ಪೆಟ್ಟಿಗೆ ಖಾಲಿ." ಅತ್ತೆ ಬರೋಕೆ ಇದ್ದದ್ದು ಒಂದೂವರೆ ತಿಂಗಳು.

ಅವತ್ತು ನಾನು ಅತ್ತೆಯ ಚಪ್ಪಡಿಕಲ್ಲಿನ ಮೇಲೆ ಕೂತು ಕಣ್ಣೀರು ಹಾಕಿದೆ. ಬೈಗುಳದ ಭಯಕ್ಕಲ್ಲ. ಅವರು ಬೈದರೆ ಕೇಳಿಸಿಕೊಳ್ಳಬಹುದಿತ್ತು. ತವರಿನ ಗೋಡೆಯೇ ಇಲ್ಲದವರಿಗೆ ಉಳಿದಿದ್ದ ಅದೊಂದನ್ನ ನಾನು ಚಾಕುವಿನಲ್ಲಿ ಕೆರೆದಿದ್ದೆ.

ಸಾಬ್ರ ಪೆಟ್ಟಿಗೆಗಳಲ್ಲಿ ಒಂದೊಂದೇ ರಾಣಿ, ಕೊಟ್ಟರೆ ಅವರ ಮನೆ ಹಾಳು. ಎಚ್.ಡಿ. ಕೋಟೆ ಕಡೆ ಬೀಚನಹಳ್ಳಿಯಲ್ಲಿ ಅವರಿಗೆ ಗೊತ್ತಿದ್ದ ಒಬ್ಬರ ತೆಂಗಿನ ತೋಟದಲ್ಲಿ ಜೇನು ಹೆಚ್ಚಾಗಿ ಪಾಲಾಗಿ ಹೊಸ ರಾಣಿಗಳು ಹುಟ್ಟುತ್ತಿದ್ದವು, ಅಲ್ಲಿ ಕೇಳೋಣ ಅಂದರು. ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿದೆವು. ತೋಟದ ಯಜಮಾನರು ಒಳ್ಳೆಯವರು, ಸಾಬ್ರ ಮಾತಿಗೆ ಕೊಟ್ಟರು. ಅಲ್ಲಿಯ ಹುಳ ಕಾಡಿನ ಕಡೆಯ ತಳಿ, ಕಪ್ಪು. ನಮ್ಮ ಮಿರ್ಲೆಯವು ಹಳದಿ ಪಟ್ಟೆಯವು. ಮೊದಲ ಸಲ ನಾನು ರಾಣಿಯನ್ನ ನೋಡಿದ್ದು ಅವತ್ತೇ. ಕಿರೀಟ ಇರಲಿಲ್ಲ. ಉದ್ದನೆಯ ಹೊಟ್ಟೆ, ಬಸುರಿ ನಡೆಯುವ ಹಾಗೆ ನಿಧಾನದ ನಡಿಗೆ. ಅವಳು ಹೋದ ಕಡೆಯೆಲ್ಲ ಮಿಕ್ಕವು ಹಿಂದೆ ಸರಿದು ದಾರಿ ಬಿಟ್ಟು, ಮುಖ ಅವಳ ಕಡೆಗೇ ತಿರುಗಿಸಿ ನಿಲ್ಲುತ್ತಿದ್ದವು. ನನ್ನ ಮೂಗಿನ ಹಳೇ ದ್ವೇಷವೆಲ್ಲ ಮರೆತು ಬಾಯಿ ಬಿಟ್ಟುಕೊಂಡು ನೋಡಿದೆ.

ನಾನು ಮನೆಯಿಂದ ಸೂಜಿಯಲ್ಲಿ ತೂತು ಮಾಡಿ ತಂದಿದ್ದ ಬೆಂಕಿಪೊಟ್ಟಣಕ್ಕೆ ಸಾಬ್ರು ಅವಳನ್ನ, ಜೊತೆಗೆ ಐದಾರು ಸೇವಕಿಯರನ್ನ ಸೇರಿಸಿದರು. ಒಂದು ಎರಿ ಮರಿಯನ್ನ ರಟ್ಟಿನ ಡಬ್ಬದಲ್ಲಿ ಅವರು ಹಿಡಿದರು. ಪೊಟ್ಟಣ ನನ್ನ ಕೈಗೆ. "ಬ್ಯಾಗಲ್ಲಿ ಹಾಕ್ಬೇಡಿ, ಕೈಲೇ ಬೆಚ್ಚಗೆ ಇಟ್ಕೊಳಿ" ಅಂದರು.

ಕೋಟೆ ಬಸ್ ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದ ಅಜ್ಜ ಒಬ್ಬರು ಬಾಯಲ್ಲಿ ಬೀಡಿ ಇಟ್ಟುಕೊಂಡು, "ಬೆಂಕಿಪೊಟ್ಣ ಕೊಡವ್ವ ಒಸಿ" ಅಂದರು.

"ಇದ್ರಲ್ಲಿ ಕಡ್ಡಿ ಇಲ್ಲ ಕಣಜ್ಜ."

"ಮತ್ಯಾಕವ್ವ ಮುಷ್ಟೀಲಿ ಇಟ್ಕಂಡಿದೀಯೆ?"

"ರಾಣಿ ಅವ್ಳೆ."

ಅಜ್ಜ ನನ್ನನ್ನೊಮ್ಮೆ, ಸಾಬ್ರನ್ನೊಮ್ಮೆ ನೋಡಿ ಎದ್ದು ಬೇರೆ ಬೆಂಚಿಗೆ ಹೋದರು.

ಮನೆಗೆ ಬಂದು ಸಾಬ್ರು ಪೆಟ್ಟಿಗೆಯನ್ನ ಹೊಲದ ಬದುವಿನವರೆಗೆ ಒಯ್ದು, ಹಳೇ ಪಂಚೆ ಹಾಸಿ ಎಲ್ಲ ಹುಳವನ್ನೂ ಅದರ ಮೇಲೆ ಕೊಡವಿದರು. ಹಾರಬಲ್ಲವು ಹಳೇ ಜಾಗಕ್ಕೆ ವಾಪಸ್ ಬರುತ್ತವೆ, ಮೊಟ್ಟೆ ಇಡೋಕೆ ಶುರುಮಾಡಿದ ಭಾರದ ಹುಳಗಳು ಅಲ್ಲೇ ಉಳಿಯುತ್ತವೆ ಅನ್ನುವುದು ಅವರ ಲೆಕ್ಕ. ಪೆಟ್ಟಿಗೆಯನ್ನ ವಾಪಸ್ ಹೊಂಗೆಮರದ ಕೆಳಗಿಟ್ಟು, ಕೋಟೆಯಿಂದ ತಂದ ಎರಿಯನ್ನ ಅದರ ನಡುವೆ ಸೇರಿಸಿ, ಬೆಂಕಿಪೊಟ್ಟಣದ ಒಂದು ತುದಿಯನ್ನ ಕೂದಲೆಳೆಯಷ್ಟು ತೆರೆದು, ಅಲ್ಲಿಗೆ ಜೇನಿನಲ್ಲಿ ಕಲಸಿದ ಸಕ್ಕರೆಪುಡಿಯ ಉಂಡೆ ಮೆತ್ತಿ, ಎರಿಗಳ ಸಂದಿಯಲ್ಲಿ ಸಿಕ್ಕಿಸಿದರು. "ಸೀದಾ ಬುಟ್ರೆ ಸಾಯಿಸ್ಬುಡ್ತವೆ. ಬೇರೆ ಮನೆ ವಾಸ್ನೆ ಅಲ್ವಾ. ಮೂರು ದಿನ ಇರ್ಲಿ. ಆ ಸಕ್ಕರೆ ತಿಂದು ಅವೇ ದಾರಿ ಮಾಡ್ಕೊಟ್ರೆ ಬದುಕ್ದಂಗೆ."

ಮೊದಲನೇ ದಿನ ನೋಡಿದೆ. ಹಳದಿ ಹುಳಗಳು ಪೊಟ್ಟಣಕ್ಕೆ ಮುತ್ತಿ ತೂತುಗಳನ್ನ ಕಚ್ಚುತ್ತಿದ್ದವು. ನನಗೆ ನನ್ನ ಮದುವೆಯ ಮಾರನೇ ದಿನ ನೆನಪಾಯಿತು, ನಾನು ಮಾಡಿದ ಸಾರನ್ನ ಇಡೀ ಮನೆ ಮೂಸಿ ನೋಡಿದ್ದು. ಎರಡನೇ ದಿನ ಕಚ್ಚುವುದು ಕಮ್ಮಿಯಾಗಿತ್ತು. ಮೂರನೇ ದಿನ ಬೆಳಿಗ್ಗೆ ಒಂದು ಹಳದಿ ಹುಳ ತೂತಿನೊಳಗೆ ನಾಲಿಗೆ ಚಾಚಿ ಒಳಗಿದ್ದವಳಿಗೆ ತಿನ್ನಿಸುತ್ತಿತ್ತು. ನಾಲ್ಕನೇ ದಿನ ಪೊಟ್ಟಣ ಖಾಲಿ. ರಾಣಿ ಎರಿಯ ಮೇಲೆ ನಡೆಯುತ್ತಿದ್ದಳು, ಸುತ್ತ ದಾರಿ ಬಿಟ್ಟಿದ್ದವು. ಗೂಡಿನ ಸದ್ದು ಮೊದಲಿನ ಹಾಗಾಗಿತ್ತು. ನಾನು ಪೊಟ್ಟಣವನ್ನ ಸೌದೆ ರಾಶಿಗೆ ಎಸೆದು ಕೈ ತೊಳೆದುಕೊಂಡೆ. ಅತ್ತೆಗೆ ಹೇಳುವುದು ಬೇಡ ಅಂತ ತೀರ್ಮಾನ ಮಾಡಿದೆ.

ನಾನು ಲೆಕ್ಕಕ್ಕೆ ತಗೊಳ್ಳದೆ ಇದ್ದದ್ದು ಬಣ್ಣ. ಕರಿ ರಾಣಿ ಇಟ್ಟ ಮೊಟ್ಟೆಯಿಂದ ಕರಿ ಹುಳಗಳೇ ಬಂದವು. ಹಳದಿಯವು ದಿನಾ ನೂರಾರು ಉದುರಿದವು. ಹುಳದ ಆಯಸ್ಸೇ ಅಷ್ಟು. ಮುಂಗಾರು ಹಿಡಿಯುವ ಹೊತ್ತಿಗೆ ಪೆಟ್ಟಿಗೆ ತುಂಬಿ ತುಳುಕುತ್ತಿತ್ತು, ಆದರೆ ಹಳದಿ ಹುಡುಕಿದರೆ ಸಿಗುವಷ್ಟು ಮಾತ್ರ.

ಅತ್ತೆ ಬಂದರು. ಕೈಕಾಲು ತೊಳೆಯೋಕೆ ಬಚ್ಚಲಿಗೆ ಹೋದರು, ಅಲ್ಲಿಂದ ಸೀದಾ ಪೆಟ್ಟಿಗೆ ಹತ್ತಿರ ಹೋದರು. ನಾನು ಹಿಂದೆಯೇ ಹೋದೆ. ಅವರು ಬಾಗಿಲಲ್ಲಿ ಓಡಾಡುವ ಹುಳಗಳನ್ನ ನೋಡುತ್ತ ನಿಂತರು. ನಾನು ಸಿದ್ಧಮಾಡಿಕೊಂಡಿದ್ದ ಸುಳ್ಳನ್ನ ಬಿಟ್ಟು ಎಲ್ಲ ಹೇಳಿಬಿಟ್ಟೆ: ಚಾಕು, ಕಡಲೆಕಾಯಿ, ಬೀಚನಹಳ್ಳಿ.

"ಅದೊಂದೇ ಇತ್ತು ಕಣವ್ವ ನಮ್ಮವ್ವನ ಮನೇದು" ಅಂದರು ಅತ್ತೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು. ಆಮೇಲೆ ಹತ್ತು ಹನ್ನೆರಡು ದಿನ ನನ್ನ ಜೊತೆ ಮಾತು ಅಷ್ಟಕ್ಕಷ್ಟೇ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಪೆಟ್ಟಿಗೆ ಮುಂದೆ ಕೂರುತ್ತಿದ್ದರು, ಮೊದಲಿಗಿಂತ ಹೆಚ್ಚು ಹೊತ್ತು. ಒಂದು ದಿನ ಒಳಗೆ ಬಂದವರೇ ಉಪ್ಪಿನಕಾಯಿ ಜಾಡಿಯನ್ನ ನನ್ನ ಮುಂದಿಟ್ಟು, "ಬಿಸಿಲಿಗಿಟ್ಟು ಎತ್ತಿಡು, ಇನ್ಮೇಲೆ ನೀನೇ ನೋಡ್ಕ" ಅಂದರು. ಅವತ್ತು ಏನಾಯಿತು ಅಂತ ನನಗೆ ಗೊತ್ತಾಗಲಿಲ್ಲ. ಕೇಳೋಕೂ ಧೈರ್ಯ ಬರಲಿಲ್ಲ.

ಮೊನ್ನೆ ಕೇಳಿದೆ. ಅತ್ತೆ ಹಿತ್ತಲಿಂದ ಸೊಪ್ಪು ಕಿತ್ತುಕೊಂಡು ಬಂದಾಗ ಬೆಂಕಿಪೊಟ್ಟಣ ತೋರಿಸಿದೆ.

"ಇದು ನಿಮ್ಮ ಡಬ್ಬಕ್ಕೆ ಹೆಂಗೆ ಬಂತು ಅತ್ತೆ?"

"ಬಾಣಂತನ ಮುಗ್ಸಿ ಬಂದ್ನಲ್ಲ, ಅವತ್ತೇ ಸಿಕ್ತು ಸೌದೇಲಿ. ತೂತು ನೋಡ್ದೇಟ್ಗೆ ಗೊತ್ತಾಯ್ತು, ನಮ್ಮೋಳು ಹೋಗವ್ಳೆ, ಬೇರೆಯೋಳ್ನ ತಂದವ್ರೆ ಅಂತ."

"ನಾನು ಹೇಳೋಕೆ ಮುಂಚೇನೇ?"

"ಹೇಳ್ತೀಯೋ ಇಲ್ವೋ ಅಂತ ನೋಡ್ತಿದ್ದೆ." ಸೊಪ್ಪು ಮೊರಕ್ಕೆ ಹಾಕಿ ಪಕ್ಕದಲ್ಲಿ ಕೂತರು. "ತೆಗ್ದು ನೋಡು."

ತೆಗೆದೆ. ಒಳಗೆ ಒಣಗಿದ ಒಂದು ಜೇನುಹುಳ. ಹಳದಿ ಪಟ್ಟೆ ಮಾಸಿತ್ತು.

"ಮಿರ್ಲೆಯೋಳು" ಅಂದರು ಅತ್ತೆ. "ದಿನಾ ನೋಡ್ತಿದ್ನಲ್ಲ ಕೂತ್ಕಂಡು, ಹತ್ತಿದ್ದೋವು ಐದಾದೊ, ಐದು ಎರಡಾದೊ. ಕೊನೇಗೆ ಇವ್ಳೊಬ್ಳೇ. ಒಂದಿನ ಬಾಗ್ಲಲ್ಲಿ ಬಿದ್ದಿದ್ಲು, ಕಾಲಲ್ಲಿ ಹೂವಿನ ಪುಡಿ ಹಂಗೇ ಮೆತ್ಕಂಡಿತ್ತು. ರೆಕ್ಕೆ ನೋಡು."

ಕನ್ನಡಕ ಹಾಕಿಕೊಂಡು ನೋಡಿದೆ. ರೆಕ್ಕೆಯ ಅಂಚು ಪೂರ್ತಿ ಹರಿದು ಚಿಂದಿಯಾಗಿತ್ತು.

"ಆ ಕರೀಳ ಮಕ್ಳಿಗೆ ತಂದು ತಂದು ಹಾಕಿ ಹಂಗಾಗದೆ. ಇವು ನಮ್ಮವಲ್ಲ ಅಂತ ಒಂದಿನಾನಾದ್ರೂ ಸುಮ್ನೆ ಕೂತ್ಲಾ? ನಾನು ಮಾತ್ರ ಮನೇಲಿರೋಳ ಜೊತೆ ಮಾತು ಬುಟ್ಟು ಕೂತಿದ್ದೆ." ಅತ್ತೆ ಒಂದು ಸೊಪ್ಪಿನ ಕಡ್ಡಿ ಮುರಿದರು. "ಅವತ್ತೇ ಕಣವ್ವ ನಿನ್ ಕೈಗೆ ಜಾಡಿ ಕೊಟ್ಟಿದ್ದು."

ಅತ್ತೆ ಪೊಟ್ಟಣ ಮುಚ್ಚಿ, ಎದ್ದು ಹೋಗಿ ಡಬ್ಬದಲ್ಲಿ ಅದು ಇದ್ದ ಜಾಗಕ್ಕೇ ಇಟ್ಟರು. ವಾಪಸ್ ಬಂದು ನನ್ನ ತೊಡೆಯ ಮೇಲಿದ್ದ ಬ್ಲೌಸು ಎತ್ತಿ ಬೆಳಕಿಗೆ ಹಿಡಿದರು.

"ಎರಡು ಹುಕ್ಕು ತಿರುಗಾಮುರುಗಾ ಹಾಕಿದೀಯೆ" ಅಂದರು. "ಕತ್ತರಿ ಕೊಡಿಲ್ಲಿ, ನಾನು ಬಿಚ್ಕೊಡ್ತೀನಿ."